ಹಗ್ಗ ಬಿಗಿದರೆ ಹಿಂದಕ್ಕೆ ಜಗ್ಗುವ ಕುದುರೆಯ ಬಗ್ಗೆ

ನಿಮ್ಮ ಹೆಣ್ಣು ಕುದುರೆಯು ಹಗ್ಗ ಬಿಗಿಯಾದೊಡನೆ ತಲೆಯೆತ್ತಿ ಹಿಂದಕ್ಕೆ ಜಗ್ಗುತ್ತದೆ, ತೀರ್ಥಹಳ್ಳಿ ರಸ್ತೆಯಲ್ಲಿ ಲಾರಿ ಬಂದರಂತೂ ಹಿಡಿತಕ್ಕೇ ಸಿಗುವುದಿಲ್ಲ ಎಂದು ಬರೆದಿದ್ದೀರಿ. ದಯವಿಟ್ಟು ಇದನ್ನು ಹಟವೆಂದು ಭಾವಿಸಬೇಡಿ. ಒತ್ತಡ ಬಿದ್ದಾಗ ಅದನ್ನು ಎದುರಿಸಿ ನಿಲ್ಲುವುದು ಕುದುರೆಯ ಸಹಜ ಪ್ರವೃತ್ತಿ. ಮಣಿಯುವುದನ್ನು ಅದು ಕಲಿಯಬೇಕಾಗುತ್ತದೆ, ಮತ್ತು ಎಳೆತ ನಿಂತ ಕ್ಷಣದಲ್ಲಿಯೇ ಆ ಕಲಿಕೆ ನಡೆಯುತ್ತದೆ.

ಆದ್ದರಿಂದ ಮನೆಯಂಗಳದಂತಹ ಪರಿಚಿತ ಜಾಗದಲ್ಲಿ ಹಗ್ಗವನ್ನು ಬೆರಳುಗಳಿಂದಷ್ಟೇ ಹಗುರವಾಗಿ ಬಿಗಿಗೊಳಿಸಿ ಕಾಯಿರಿ. ಕುದುರೆ ಮೈಭಾರವನ್ನು ಮುಂದಕ್ಕೆ ವಾಲಿಸಿದರೂ ಸಾಕು, ಹೆಜ್ಜೆಗೆ ಕಾಯದೆ ತಕ್ಷಣ ಸಡಿಲಿಸಿ. ಅದು ಜಗ್ಗಿದಾಗ ಸಡಿಲಿಸಿದರೆ ಜಗ್ಗುವುದನ್ನೇ ಕಲಿಸಿದಂತಾಗುತ್ತದೆ, ಜೋರಾಗಿ ಸೆಳೆದರೆ ಭಯ ಹೆಚ್ಚುತ್ತದೆ. ಅದರೊಡನೆಯೇ ಹೆಜ್ಜೆಯಿಡುತ್ತ ಅದೇ ಹಗುರ ಬಿಗಿಯನ್ನು ಉಳಿಸಿಕೊಳ್ಳುವುದು ಸರಿಯಾದ ಕ್ರಮ. ಇದು ರೂಢಿಯಾಗುವ ತನಕ ಅಡಿಕೆ ಮರಕ್ಕೋ ಕಂಬಕ್ಕೋ ಗಟ್ಟಿಯಾಗಿ ಕಟ್ಟಲೇಬೇಡಿ. ಗಾಬರಿಯಲ್ಲಿ ಜಗ್ಗಿದರೆ ಕುತ್ತಿಗೆಗೆ ಗಂಭೀರ ಪೆಟ್ಟಾಗಬಹುದು.

ಲಾರಿಯ ವಿಚಾರ ಬೇರೆ. ಕುದುರೆಗೆ ಸುತ್ತಲೂ ಸುಮಾರು 350 ಡಿಗ್ರಿಯಷ್ಟು ಕಾಣುತ್ತದೆ, ಆದರೆ ಬಾಲದ ನೇರ ಹಿಂಬದಿ ಕಾಣದು. ಅಲ್ಲಿಂದ ಏರಿಬರುವ ಸದ್ದಿಗೆ ಅದು ಬೆದರುವುದು ಸಹಜ. ರಸ್ತೆಯಿಂದ ದೂರದ ಗದ್ದೆಯಂಚಿನಲ್ಲಿ, ಅದು ನಿರಾತಂಕವಾಗಿ ಮೇಯಬಲ್ಲಷ್ಟು ಅಂತರದಲ್ಲಿ ನಿಲ್ಲಿಸಿ ವಾಹನಗಳನ್ನು ನೋಡಲು ಬಿಡಿ, ತಲೆ ತಗ್ಗಿ ಉಸಿರು ನಿಧಾನವಾದ ಮೇಲಷ್ಟೇ ಹತ್ತಿರ ಹೋಗಿ. ಮಳೆಗಾಲದಲ್ಲಿ ಈ ಅಭ್ಯಾಸ ಬೇಡವೆಂಬುದು ನನ್ನ ಅಭಿಪ್ರಾಯ: ಜಾರುವ ನೆಲ, ಕಾಲಿಗೆ ಹತ್ತುವ ಇಂಬಳಗಳ ನಡುವೆ ಕುದುರೆ ಯಾವುದಕ್ಕೆ ಬೆದರಿತೆಂದು ತಿಳಿಯುವುದು ಕಷ್ಟ. ಈ ಜಗ್ಗಾಟ ಇತ್ತೀಚೆಗೆ ಇದ್ದಕ್ಕಿದ್ದಂತೆ ಆರಂಭವಾಗಿದ್ದರೆ, ತರಬೇತಿಗಿಂತ ಮೊದಲು ಹಲ್ಲು ಮತ್ತು ಕುತ್ತಿಗೆಯನ್ನು ಪಶುವೈದ್ಯರಿಗೆ ತೋರಿಸಿ. ಶಿವಮೊಗ್ಗದಲ್ಲಿ ಪಶುವೈದ್ಯಕೀಯ ಕಾಲೇಜೇ ಇದೆ.