‘ಆಡಿಟ್’ ಅಂದರೆ ಏನು? ಈ ಪದ ಎಲ್ಲಿಂದ ಬಂತು?

ಲೆಕ್ಕಪತ್ರ ಸರಿಯಾಗಿದೆಯಾ ಎಂದು ಕೂಲಂಕಷವಾಗಿ ಪರಿಶೀಲಿಸುವುದೇ ಆಡಿಟ್. ಈಗ ವಿದ್ಯುತ್ ಬಳಕೆ, ಸುರಕ್ಷತೆಗಳ ತಪಾಸಣೆಗೂ ಹಾಗೇ ಅನ್ನುತ್ತಾರೆ.

ಆದರೆ ಮೂಲ ಅರ್ಥದಲ್ಲಿ ಲೆಕ್ಕದ ಸುಳಿವೇ ಇಲ್ಲ! ಲ್ಯಾಟಿನ್‌ನಲ್ಲಿ ‘ಔದೀರೆ’ ಅಂದರೆ ಕೇಳಿಸಿಕೊಳ್ಳುವುದು. ಅದರಿಂದ ಬಂದ ‘ಔದೀತುಸ್’ ಅಂದರೆ ಕೇಳುವಿಕೆ. ಮಧ್ಯಯುಗದ ಇಂಗ್ಲೆಂಡಿನಲ್ಲಿ ಓದು ಬರಹ ಬಲ್ಲವರು ಕಡಿಮೆ. ದೊಡ್ಡ ಜಮೀನುಗಳ ಉಸ್ತುವಾರಿ ನೋಡುತ್ತಿದ್ದವರು ವರಮಾನ, ಖರ್ಚು ಎಲ್ಲವನ್ನೂ ಬಾಯಿಬಿಟ್ಟು ಒಪ್ಪಿಸಬೇಕಿತ್ತು. ಎದುರು ಕೂತು ಅದನ್ನು ಕೇಳಿ, ಅನುಮಾನ ಬಂದಲ್ಲಿ ತಡೆದು ಪ್ರಶ್ನಿಸುತ್ತಿದ್ದವನೇ ಆಡಿಟರ್, ಅಂದರೆ ಕೇಳುವವನು. ಪದಗಳ ಚರಿತ್ರೆಯಲ್ಲಿ ನನಗೆ ತುಂಬಾ ಇಷ್ಟವಾದ ಸಂಗತಿ ಇದು. ಕಾಲ ಕಳೆದಂತೆ ಕಿವಿಯ ಕೆಲಸ ಕಣ್ಣಿಗೆ ಬಂತು, ಹೆಸರು ಹಾಗೇ ಉಳಿಯಿತು.

ಆಡಿಯೋ, ಆಡಿಯನ್ಸ್, ಆಡಿಷನ್, ಆಡಿಟೋರಿಯಂ ಕೂಡ ಇದೇ ಬೇರಿನವು. ಅವುಗಳಲ್ಲಿ ಕೇಳುವ ಅರ್ಥ ಇನ್ನೂ ಎದ್ದು ಕಾಣುತ್ತದೆ, ಅಲ್ವಾ?