ಸಂಪಾದಕರ ಉತ್ತರ: ಕಟ್ಟಳೆಗೆ ಮಠವೇ ಬೇಕಿಲ್ಲ

ಸಕಲೇಶಪುರದ ಹಿರಿಯ ಓದುಗರಿಗೆ ನಮಸ್ಕಾರಗಳು.

ಜಾತ್ರೆಗಳನ್ನು ಕುರಿತ ಕಳೆದ ಸಂಚಿಕೆಯ ಲೇಖನವನ್ನು ಓದಿ ತಾವು ಬರೆದ ಪತ್ರದ ತಿರುಳು ಇಷ್ಟು: ದೇವರ ಮೇಲಿನ ನಂಬಿಕೆಯಿಂದ ಯಾರಿಗೂ ಕೇಡಿಲ್ಲ, ಸಮಾಜವನ್ನು ಕೆಡಿಸುತ್ತಿರುವುದು ಮಠ, ಚರ್ಚು, ಜಮಾತು, ಆಡಳಿತ ಮಂಡಳಿಗಳೆಂಬ ವ್ಯವಸ್ಥೆ, ಅದೊಂದು ತೊಲಗಿದರೆ ಉಳಿದದ್ದು ತಾನಾಗಿ ನೆಟ್ಟಗಾಗುತ್ತದೆ. ತಮ್ಮ ಕಳಕಳಿ ಅರ್ಥವಾಗುತ್ತದೆ, ಆದರೆ ತೀರ್ಮಾನವನ್ನು ಒಪ್ಪಲಾರೆವು.

ನಮ್ಮ ಜಿಲ್ಲೆಯ ಶ್ರವಣಬೆಳಗೊಳದಲ್ಲಿ 1368ರ ಒಂದು ಶಾಸನವಿದೆ. ಆನೆಗೊಂದಿ, ಪೆನುಗೊಂಡೆ ಮೊದಲಾದ ಕಡೆಯ ಜೈನರು ಶ್ರೀವೈಷ್ಣವರಿಂದ ತಮಗಾಗುತ್ತಿದ್ದ ಅನ್ಯಾಯವನ್ನು ವಿಜಯನಗರದ ಬುಕ್ಕರಾಯನಲ್ಲಿ ತೋಡಿಕೊಂಡರು. ರಾಜನು ಜೈನರ ಕೈಯನ್ನು ಶ್ರೀವೈಷ್ಣವರ ಕೈಗಿತ್ತು, ಎರಡು ದರ್ಶನಗಳಿಗೂ ಭೇದವಿಲ್ಲವೆಂದು ಸಾರಿದನು. ನಮ್ಮ ಭಾಷಣಕಾರರು ಸಾಮಾನ್ಯವಾಗಿ ಇಲ್ಲಿಗೆ ನಿಲ್ಲಿಸಿ ಚಪ್ಪಾಳೆ ಗಿಟ್ಟಿಸುತ್ತಾರೆ. ಶಾಸನ ಮಾತ್ರ ನಿಲ್ಲುವುದಿಲ್ಲ. ಪಂಚಮಹಾವಾದ್ಯ ಮತ್ತು ಕಳಶದ ಮರ್ಯಾದೆ ಜೈನರಿಗೆ ಹಿಂದಿನಂತೆಯೇ ಸಲ್ಲಬೇಕು; ಜೈನರ ಮನೆಮನೆಯಿಂದ ವರ್ಷಕ್ಕೆ ಒಂದು ‘ಹಣ’ದಂತೆ (ಆಗಿನ ನಾಣ್ಯ) ಎತ್ತಿ, ಅದರಿಂದ ಬೆಳಗೊಳದ ದೇವರ ಕಾವಲಿಗೆ 20 ಆಳುಗಳನ್ನು ನೇಮಿಸಬೇಕು; ಮಿಕ್ಕಿದ್ದರಲ್ಲಿ ಹಾಳುಬಿದ್ದ ಜಿನಾಲಯಗಳಿಗೆ ಸುಣ್ಣ ಹೊಡೆಸಬೇಕು; ಇದನ್ನು ನಡೆಸಿಕೊಡುವ ಹೊಣೆ ತಿರುಮಲೆಯ ತಾತಯ್ಯನದು; ತಪ್ಪಿದವನು ರಾಜದ್ರೋಹಿ. ಸೌಹಾರ್ದಕ್ಕೂ ಚಂದಾ ಬೇಕಾಯಿತು, ಕಾವಲು ಬೇಕಾಯಿತು, ನಾಳೆ ಹಿಡಿದು ಕೇಳಬಹುದಾದ ಒಬ್ಬ ಮನುಷ್ಯನ ಹೆಸರು ಬೇಕಾಯಿತು. ಅದೂ ಎಂಥ ಹೆಸರು! ಯಾರ ಮೇಲೆ ದೂರಿತ್ತೋ ಆ ಪಂಗಡದವನದೇ.

ಸಂಘಟಿತ ಧರ್ಮದ ಉಪಕಾರ ಅಪಕಾರಗಳು ತಮಗೂ ಗೊತ್ತಿರುವಂಥವು. ಹೊರನಾಡಿನಲ್ಲಿ ಹಸಿದು ಬಂದವರಿಗೆ ಊಟವಿದೆ; ಸಿದ್ಧಗಂಗೆಯಂಥ ಮಠಗಳ ಅನ್ನ ಉಂಡು ಓದಿದವರು ನಮ್ಮ ಕಚೇರಿಗಳಲ್ಲೆಲ್ಲ ಇದ್ದಾರೆ. ಅನ್ನ ಬಡಿಸುವ ಜಾಗದಲ್ಲೇ ಕೆಲವೆಡೆ ಪಂಕ್ತಿ ಬೇರೆಯಾದದ್ದೂ ಉಂಟು. ಬಡಮಕ್ಕಳಿಗೆ ಹಾಸ್ಟೆಲ್ ಕಟ್ಟಿಸಿದ ಮಠವೇ ಚುನಾವಣೆ ಹತ್ತಿರವಾದಾಗ ಜಾತಿ ಸಮಾವೇಶ ಕರೆದು ಇಂಥವರಿಗೇ ಟಿಕೆಟ್ ಕೊಡಿ ಎಂದು ಪಕ್ಷಗಳಿಗೆ ತಾಕೀತು ಮಾಡುವುದೂ ಉಂಟು. ನಮಗಂತೂ ಈ ಎರಡನೆಯದು ಅಸಹ್ಯ.

ಆದರೆ ಯಾವ ಪೀಠಕ್ಕೂ, ಯಾವ ಟ್ರಸ್ಟಿಗೂ ಸೇರದ ನಮ್ಮ ಕಡೆಯ ಒಂದು ಮಾರಮ್ಮನ ಗುಡಿಯನ್ನು ನೆನೆಯಿರಿ. ಜಾತ್ರೆಯ ದಿನ ತಂಬಿಟ್ಟಿನ ಆರತಿ ಒಳಗೆ ಹೋಗುತ್ತದೆ. ಆ ಆರತಿಯ ಮುಂದೆ ತಮಟೆ ಬಡಿಯುತ್ತ ಬಂದವನು ಹೊರಗೆ ನಿಲ್ಲುತ್ತಾನೆ. ಹೀಗೆಂದು ಎಲ್ಲೂ ಬರೆದಿಟ್ಟಿಲ್ಲ. ಗುಡಿಗೌಡರನ್ನು ಕೇಳಿದರೆ ಪೂಜಾರಪ್ಪನ ಕಡೆ ಕೈ ತೋರಿಸುತ್ತಾರೆ, ಪೂಜಾರಪ್ಪ ಊರ ಹಿರಿಯರ ಕಡೆ, ಹಿರಿಯರು ‘ಮೊದಲಿಂದ ಹಿಂಗೇ ನಡ್ಕಂಡು ಬಂದದೆ’ ಎನ್ನುತ್ತಾರೆ. ವ್ಯವಸ್ಥೆ ಇಲ್ಲದ ಧರ್ಮವೆಂದರೆ ಇದು. ಕಾನೂನು ಇಲ್ಲಿಗೆ ಬರಲಾರದೆಂದಲ್ಲ. ಬಂದಾಗ ಆಜ್ಞೆ ಮಾಡಿದವರು ಯಾರೂ ಸಿಕ್ಕುವುದಿಲ್ಲ.

ಮೂಲ್ಕಿಯ ವೆಂಕಟರಮಣ ದೇವಸ್ಥಾನದ ಮೊಕ್ತೇಸರರು ಹಾಗೆ ಜಾರಿಕೊಳ್ಳುವಂತಿರಲಿಲ್ಲ. ದೇವಸ್ಥಾನ ತಮ್ಮ ಪಂಗಡದ್ದು, ಆದ್ದರಿಂದ ದಲಿತರಿಗೂ ದೇವಸ್ಥಾನ ಪ್ರವೇಶ ಕೊಡುವ ಕಾನೂನು ತಮಗೆ ಅನ್ವಯಿಸದು ಎಂದು ಅವರು ವಾದಿಸಿದರು. ಸರ್ವೋಚ್ಚ ನ್ಯಾಯಾಲಯವು 1957ರಲ್ಲಿ, ಪಂಗಡಕ್ಕೆ ಮೀಸಲಾದ ಕೆಲವು ಸೇವೆಗಳನ್ನು ಉಳಿಸಿ, ಬಾಗಿಲು ಎಲ್ಲ ಹಿಂದೂಗಳಿಗೂ ತೆರೆಯಬೇಕೆಂದು ತೀರ್ಪಿತ್ತಿತು. ಮಂಡಳಿ ಇದ್ದುದರಿಂದ ವಾದಕ್ಕೆ ಒಬ್ಬ ಎದುರಾಳಿ ಸಿಕ್ಕಿದ, ತೀರ್ಪು ತಲುಪಲು ಒಂದು ವಿಳಾಸವೂ ಸಿಕ್ಕಿತು.

ಇನ್ನು ತಮ್ಮ ಪತ್ರದ ಕೊನೆಯ ಸಂಗತಿ. ಊರಿನ ದೇವಸ್ಥಾನದ ಹುಂಡಿಯ ಲೆಕ್ಕ ಕೇಳಿದ್ದಕ್ಕೆ ತಮ್ಮನ್ನು ನಾಸ್ತಿಕರೆಂದು ಜರೆದರೆಂದು ಬರೆದಿದ್ದೀರಿ. ಲೆಕ್ಕ ಕೇಳುವವನು ಆಸ್ತಿಕನೋ ನಾಸ್ತಿಕನೋ ಎಂಬುದು ಲೆಕ್ಕಕ್ಕೆ ಸಂಬಂಧಿಸಿದ್ದಲ್ಲ. ಅದು ಸರ್ಕಾರದ ಮುಜರಾಯಿ ಇಲಾಖೆಗೆ ಸೇರಿದ ದೇವಸ್ಥಾನವಾದರೆ, 2005ರ ಮಾಹಿತಿ ಹಕ್ಕು ಕಾಯ್ದೆಯಡಿ ತಾಲ್ಲೂಕು ಕಚೇರಿಗೆ ಅರ್ಜಿ ಕೊಡಿ. ಸಾಮಾನ್ಯವಾಗಿ 30 ದಿನಗಳೊಳಗೆ ಉತ್ತರ ಕೊಡಬೇಕಾಗುತ್ತದೆ. ಖಾಸಗಿ ಟ್ರಸ್ಟಿನದಾದರೆ ದಾರಿ ಇಷ್ಟು ನೇರವಿಲ್ಲ, ತಿಳಿದ ವಕೀಲರನ್ನು ಕೇಳುವುದು ಲೇಸು. ಬಂದ ಉತ್ತರದ ಪ್ರತಿಯನ್ನು ನಮಗೂ ಕಳುಹಿಸಿದರೆ ಪ್ರಕಟಿಸುತ್ತೇವೆ.

— ಸಂಪಾದಕ