ಘಟ್ಟದ ನೆತ್ತಿ ಮೇಲೆ ಜಿಪ್ಸಿ

ಪ್ರಶ್ನೆ: ಸರ್, ನಂದು ಹಳೇ ಮಾರುತಿ ಜಿಪ್ಸಿ ಜೀಪು, ಬಿಸ್ಲೆಯಿಂದ ಕುದುರೆಮುಖದವರೆಗೂ ಘಟ್ಟದ ನೆತ್ತಿ ಮೇಲೇ ಹೋಗ್ಬೇಕು ಅಂತ ಮೂರು ಜನ ಪ್ಲಾನ್ ಹಾಕಿದೀವಿ, ಜುಲೈ ಓಕೆನಾ?
- ಓದುಗರು, ಸಕಲೇಶಪುರ

ಉತ್ತರ: ಜುಲೈ ಬೇಡ ಮಾರಾಯ್ರೆ, ಜಿಗಣೆಗೆ ಊಟ ಆಗ್ತೀರ ಅಷ್ಟೇ. ನವೆಂಬರ್ ಆಗ್ಲಿ. ನೆತ್ತಿ ಮೇಲೆ ಉದ್ದಕ್ಕೂ ಒಂದೇ ದಾರಿ ಅಂತ ಇಲ್ಲ, ನಡುವೆ ರಿಸರ್ವ್ ಫಾರೆಸ್ಟು, ಆಚೆ ನ್ಯಾಷನಲ್ ಪಾರ್ಕು, ಅಲ್ಲಿ ರೋಡ್ ಬಿಟ್ಟು ಗಾಡಿ ಇಳಿಸಿದ್ರೆ ಕೇಸು, ಹಾಗಾಗಿ ಮೂಡಿಗೆರೆ, ಕೊಟ್ಟಿಗೆಹಾರ, ಕಳಸ ಅಂತ ಸೇರಿಸ್ಕೊಂಡು ಹೋಗಿ, ಎಸ್ಟೇಟ್ ರೋಡಿಗೆ ಓನರ್‌ನ ಮೊದ್ಲೇ ಕೇಳಿ. ಬಿಸ್ಲೆ ಹತ್ರ ಮಂಕನಹಳ್ಳಿ ರಿಡ್ಜ್ ಮಾತ್ರ ಬಿಡ್ಬೇಡಿ, ಅಲ್ಲಿ ಒಂದ್ಕಡೆ ಬಿದ್ದ ಮಳೆ ಬಂಗಾಳಕೊಲ್ಲಿಗೆ, ಇನ್ನೊಂದ್ಕಡೆದು ಅರಬ್ಬೀ ಸಮುದ್ರಕ್ಕೆ! ಕೆಸರಲ್ಲಿ ಟೈರ್ ಗಾಳಿ 20 ಪಿಎಸ್‌ಐ ಹತ್ರ ಇಳಿಸಿ, ಟಾರ್ ರೋಡಿಗೆ ಬಂದ್ಮೇಲೆ ಮತ್ತೆ ತುಂಬ್ಸಿ, ಸಣ್ಣ ಕಂಪ್ರೆಸರ್ ಇರ್ಲಿ. ಇಳಿಜಾರಲ್ಲಿ ಬ್ರೇಕ್ ಒತ್ಕೊಂಡೇ ಇರ್ಬೇಡಿ, ಫೋರ್ ಲೋ (ನಾಲ್ಕೂ ಚಕ್ರ ನಿಧಾನಕ್ಕೆ, ಜೋರಾಗಿ ಎಳೆಯೋ ಗೇರು) ಹಾಕಿ ಫಸ್ಟ್ ಗೇರಲ್ಲಿ ಬಿಡಿ. ಜಿಪ್ಸಿ ಟ್ಯಾಂಕು 40 ಲೀಟರು, ಕುಡಿಯೋದೂ ಜಾಸ್ತಿ, ಮೂಡಿಗೆರೆಲಿ ಫುಲ್ ಮಾಡಿಸಿ. ಹೊಟ್ಟೆಗೆ ಕೊಟ್ಟಿಗೆಹಾರದ ನೀರ್‌ದೋಸೆ.